ಸೊಂಟದಲ್ಲಿ ಲೈಸೆನ್ಸ್ ಇರುವ ರಿವಾಲ್ವರ್, ತಲಪಾಡಿಯಲ್ಲಿ ಪೊಲೀಸರು ಕೈ ಅಡ್ಡ ಹಿಡಿದರೆ?

ತೋಟದಬದಿ ಕೇಳಿದ್ದು:

ನಮ್ಮದು ಬದಿಯಡ್ಕ ಕಡೆ. ಅಪ್ಪನ ಹೆಸರಿನಲ್ಲಿ ಒಂದು .32 ರಿವಾಲ್ವರ್, ಒಂದು ಜೋಡುನಳಿಗೆ ಕೋವಿ ಉಂಟು. ಎರಡೂ ಒಂದೇ ಲೈಸೆನ್ಸ್ ಪುಸ್ತಕದಲ್ಲಿ. ಕಾಸರಗೋಡು ಕಲೆಕ್ಟರೇಟಿನದ್ದು, ಅವಧಿ ಮುಗಿದಿಲ್ಲ, ಯುಐಎನ್ (ಲೈಸೆನ್ಸ್‌ದಾರರ ಗುರುತಿನ ಸಂಖ್ಯೆ) ನಂಬರೂ ಬಿದ್ದಿದೆ. ಕೋವಿ ಎಂತಕ್ಕೆ ಎಂಬ ಚರ್ಚೆ ಬೇಡ, ಅದು ಲೈಸೆನ್ಸ್ ಕೊಟ್ಟವರೇ ವಿಚಾರಿಸಿ ಮುಗಿಸಿದ ವಿಷಯ.

ಗೊತ್ತಾಗಬೇಕಾದ್ದು ಇಷ್ಟು. ರಿವಾಲ್ವರನ್ನು ಕಾಣುವ ಹಾಗೆ ಬೆಲ್ಟಿಗೆ ಕಟ್ಟಿಕೊಂಡು ಪೇಟೆಗೆ ಹೋಗಬಹುದಾ, ಅಂಗಿಯೊಳಗೇ ಇರಬೇಕಾ? ರಾತ್ರಿ ಕುಂಬಳೆಯಲ್ಲೋ ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲೋ ಗಾಡಿ ನಿಲ್ಲಿಸಿದರೆ ನಾವಾಗಿಯೇ ಮೊದಲು ಹೇಳುವುದಾ, ಕೇಳಿದ ಮೇಲೆ ಹೇಳುವುದಾ? ಬರೀ ಕಾನ್‌ಸ್ಟೇಬಲ್ ಕೇಳಿದರೂ ಲೈಸೆನ್ಸ್ ತೋರಿಸಬೇಕಾ? ಅಪ್ಪ ಇಲ್ಲದಾಗ ರಿಪೇರಿಗೆ ಮಂಗಳೂರಿಗೆ ನಾನೊಬ್ಬನೇ ಒಯ್ಯಬಹುದಾ? ಅಮೆರಿಕದ ವಿಡಿಯೋಗಳಲ್ಲಿ ಸೊಂಟದಲ್ಲಿ ಪಿಸ್ತೂಲು ಕಟ್ಟಿಕೊಂಡವನು "ನಾನು ಬಂಧನದಲ್ಲಿದ್ದೇನಾ, ಇಲ್ಲ ಅಂದರೆ ಹೊರಟೆ" ಅಂತ ಪೊಲೀಸರಿಗೇ ಹೇಳಿ ನಡೆದುಬಿಡುತ್ತಾನೆ. ಅದು ಇಲ್ಲಿಯೂ ನಡೆಯುತ್ತದೆ ಅನ್ನುವವರು ಇದ್ದಾರೆ. ಗೊತ್ತಿರುವವರು ಬರೆಯಿರಿ.


ಗಾಳಿಮುಖ:

ಲೈಸೆನ್ಸ್ ಇದ್ದ ಮೇಲೆ ಕದ್ದುಮುಚ್ಚಿ ಒಯ್ಯುವುದು ಎಂತಕ್ಕೆ? ಅಡಗಿಸಿದರೇ ಪೊಲೀಸರಿಗೆ ಸಂಶಯ. ಬೆಲ್ಟಿನ ಮೇಲೆ ರಾಜಾರೋಷವಾಗಿ ಇರಲಿ, ನೋಡಿದವರು ನೋಡಲಿ.


ಜೋಡುನಳಿಗೆ:

ಗಾಳಿಮುಖ ಅವರೇ, ಹಾಗೆ ಹೇಳಿ ಪಾಪದವರ ಲೈಸೆನ್ಸ್ ಕಳೆಸಬೇಡಿ ಮಾರಾಯ್ರೆ. 2016ರ ಆಯುಧ ನಿಯಮಗಳಲ್ಲಿ ಇದಕ್ಕೆ ನೇರ ಉತ್ತರವೇ ಉಂಟು. ಸಾರ್ವಜನಿಕ ಜಾಗದಲ್ಲಿ ರಿವಾಲ್ವರ್ ಅಥವಾ ಪಿಸ್ತೂಲು ಒಯ್ಯುವುದಾದರೆ ಅದಕ್ಕೆಂದೇ ಮಾಡಿದ ಹೋಲ್‌ಸ್ಟರಿನಲ್ಲಿ ಮೈಗೆ ಕಟ್ಟಿಕೊಂಡಿರಬೇಕು, ಇಲ್ಲವೇ ಬೆನ್ನಿಗೆ ಹಾಕುವ ಚೀಲದಂಥದ್ದರಲ್ಲಿರಬೇಕು. ಪೂರ್ತಿ ಮುಚ್ಚಿರಬೇಕು, ಒಯ್ಯುವವನ ಹಿಡಿತದಲ್ಲೇ ಇರಬೇಕು. ಹೋಲ್‌ಸ್ಟರಿನ ಬಾಯಿಯಿಂದ ಹಿಡಿ ಇಣುಕುತ್ತಿದ್ದರೆ ಅದು ಪೂರ್ತಿ ಮುಚ್ಚಿದ ಹಾಗಲ್ಲ, ಮೇಲೊಂದು ಅಂಗಿ ಬೇಕು. ಅಂಗಿಯೊಳಗೆ ಇಡುವುದು ಅಡಗಿಸುವುದಲ್ಲ, ಕಾನೂನು ಹೇಳಿದಂತೆ ಒಯ್ಯುವುದು. ನಾಲ್ಕು ಜನರ ಎದುರು ತೆಗೆದು ತೋರಿಸುವುದು, ಬೀಸುವುದು ಮೊದಲೇ ನಿಷಿದ್ಧ. ಮದುವೆಮನೆಯಲ್ಲಿ ಗಾಳಿಗೆ ಗುಂಡು ಹಾರಿಸಿದರೆ 2019ರ ತಿದ್ದುಪಡಿಯ ನಂತರ ಅದಕ್ಕೇ ಒಂದು ಬೇರೆ ಕಲಮು: ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ.

ಈಗ ಕಟ್ಟಿಕೊಳ್ಳುವ ವಿಷಯ. ನಮ್ಮ ಕಡೆ ಎಡವಟ್ಟಾಗುವುದು ಮುಂಡಿನಿಂದ. ಮುಂಡಿನ ಮಡಿಕೆಗೆ ರಿವಾಲ್ವರ್ ಸಿಕ್ಕಿಸಿಕೊಳ್ಳುವವರು ಇದ್ದಾರೆ. ಜೀಪಿನಿಂದ ಇಳಿಯುವಾಗ ಅದು ಜಾರುತ್ತದೆ, ಜಾರಿದ್ದನ್ನು ಹಿಡಿಯಲು ಕೈ ಹೋಗುತ್ತದೆ, ಹಿಡಿಯುವ ಅವಸರದಲ್ಲಿ ಬೆರಳು ಟ್ರಿಗರಿಗೆ ತಾಗುತ್ತದೆ. ಇನ್ನೊಂದು ಇದಕ್ಕಿಂತ ಅಪಾಯ. ಎತ್ತಿ ಕಟ್ಟಿದ ಮುಂಡನ್ನು ಪೊಲೀಸರನ್ನೋ ಹಿರಿಯರನ್ನೋ ಕಂಡ ಕೂಡಲೇ ಇಳಿಸುವುದು ನಮಗೆ ಹುಟ್ಟಿನಿಂದ ಬಂದ ಮರ್ಯಾದೆ. ಆ ಮರ್ಯಾದೆಗೆ ಎರಡೂ ಕೈ ಸೊಂಟಕ್ಕೆ ಹೋಗುತ್ತವೆ. ಎದುರಿನವನಿಗೆ ಸೊಂಟದಲ್ಲಿ ಲೋಹದ್ದೊಂದು ಉಬ್ಬು ಕಂಡಿದ್ದರೆ ಆ ಗಳಿಗೆಯಲ್ಲಿ ಅವನು ಅದನ್ನು ಮರ್ಯಾದೆ ಅಂತ ಓದುವುದಿಲ್ಲ. ರಿವಾಲ್ವರ್ ಇರುವ ದಿನ ಪ್ಯಾಂಟು, ಅಗಲದ ಗಟ್ಟಿ ಬೆಲ್ಟು, ಮೇಲೆ ಗುಂಡಿಪಟ್ಟಿ ಇರುವ ಚರ್ಮದ ಹೋಲ್‌ಸ್ಟರ್, ಹೊರಬಿಟ್ಟ ಅಂಗಿ. ಮುಂಡು ಬೇಕೇ ಬೇಕು ಅಂದರೆ ಚೀಲದಲ್ಲಿ.

ನಮ್ಮಲ್ಲಿ ಹೆಚ್ಚಾಗಿ ಇರುವುದು ಕಾನ್ಪುರದ ಕಾರ್ಖಾನೆಯ .32 ರಿವಾಲ್ವರ್, ಆರು ತೋಟೆಯದ್ದು, ನಡುವಿಗೆ ಮಡಚುವ ಜಾತಿ. ಮಡಚಿದಾಗ ನಡುವಿನ ನಕ್ಷತ್ರದ ಹಾಗಿನ ತಟ್ಟೆ ಮೇಲೆದ್ದು ಆರನ್ನೂ ಒಟ್ಟಿಗೆ ಹೊರಗೆ ತಳ್ಳುತ್ತದೆ. ಕತ್ತಲಲ್ಲಿ ರಸ್ತೆಬದಿ ಇದನ್ನು ಮಡಚಿದರೆ ಆರು ತೋಟೆ ಚರಂಡಿಗೆ. ಆಮೇಲೆ ಪುಸ್ತಕದ ಲೆಕ್ಕಕ್ಕೂ ಕೈಯಲ್ಲಿರುವ ಲೆಕ್ಕಕ್ಕೂ ತಾಳೆಯಾಗುವುದಿಲ್ಲ. ಮಡಚುವುದಾದರೆ ಕೆಳಗೆ ಅಂಗೈಯೋ ಟವೆಲೋ ಇರಲಿ. ಹಳೆಯದಾದರೆ ಕುದುರೆಯ (ತೋಟೆಗೆ ಬಡಿಯುವ ಸುತ್ತಿಗೆಯ) ಎದುರಿನ ಕೋಣೆ ಖಾಲಿ ಬಿಟ್ಟು ಐದೇ ತುಂಬಿಸಿ, ಬಿದ್ದ ಪೆಟ್ಟಿಗೆ ಕುದುರೆ ತೋಟೆಯ ಮೇಲೆ ಬಡಿಯುವ ಹೆದರಿಕೆ ಇಲ್ಲ. ಪಿಸ್ತೂಲಿನವರ ತಪ್ಪು ಬೇರೆ. ಖಾಲಿ ಮಾಡಿ ಅಂದ ಕೂಡಲೇ ಸ್ಲೈಡ್ ಎಳೆಯುತ್ತಾರೆ, ಮ್ಯಾಗಜೀನ್ ಒಳಗೇ ಇರುತ್ತದೆ. ಒಳಗಿದ್ದ ತೋಟೆ ಹೊರಗೆ ಹಾರಿ, ಕೈ ಬಿಟ್ಟ ಕೂಡಲೇ ಹೊಸದೊಂದು ನಳಿಗೆಗೆ ಏರುತ್ತದೆ. ಆಮೇಲೆ ಮ್ಯಾಗಜೀನ್ ತೆಗೆದು "ಖಾಲಿ" ಅಂತ ಕೈಗೆ ಕೊಡುತ್ತಾರೆ. ಮೊದಲು ಮ್ಯಾಗಜೀನ್, ಆಮೇಲೆ ಸ್ಲೈಡ್, ಕೊನೆಗೆ ನಳಿಗೆಯ ಹಿಂಬದಿ, ತೋಟೆ ಕೂರುವ ಜಾಗಕ್ಕೆ ಕಿರುಬೆರಳು ಹಾಕಿ ನೋಡುವುದು.

ಆದರೆ ಇದೆಲ್ಲ ಪೊಲೀಸರು "ನೀವೇ ಖಾಲಿ ಮಾಡಿ" ಅಂದರೆ ಮಾತ್ರ. ತಾನಾಗಿ ತೆಗೆಯಲು ಹೋಗಬಾರದು.

ಗಾಡಿ ನಿಲ್ಲಿಸಿದಾಗ ಹೇಗೆ ಅಂದರೆ, ಎಂಜಿನ್ ಆಫ್, ಒಳಗಿನ ಲೈಟ್ ಆನ್, ಗ್ಲಾಸ್ ಪೂರ್ತಿ ಕೆಳಗೆ, ಎರಡೂ ಕೈ ಸ್ಟೇರಿಂಗಿನ ಮೇಲೆ ಬೆರಳು ಬಿಡಿಸಿ. ಆರ್‌ಸಿ ಕೇಳುವ ಮೊದಲೇ, ಕೈ ಅಲ್ಲಾಡಿಸುವ ಮೊದಲೇ, ಬಾಯಿಯಲ್ಲಿ ಹೇಳಿಬಿಡುವುದು. ಮಂಜೇಶ್ವರ, ಕುಂಬಳೆ ಬದಿಯಾದರೆ ಮಲಯಾಳಂನಲ್ಲಿ ಸಾಕು: "ಸಾರ್, ಎಂಟೆ ಕಯ್ಯಿಲ್ ಲೈಸನ್ಸ್ ಉಳ್ಳ ರಿವಾಲ್ವರ್ ಉಂಡ್, ವಲತ್ತೇ ಅರಯಿಲಾಣ್." ಅವರ "ಕಯ್ಯಿಲ್ ಉಂಡ್" ಅಂದರೆ ನನ್ನ ಹತ್ತಿರ ಇದೆ ಅಂತ. ತಲಪಾಡಿ ದಾಟಿದ ಮೇಲೆ ಅದನ್ನೇ ಕನ್ನಡಕ್ಕೆ ತಂದು "ಕೈಯಲ್ಲಿ ರಿವಾಲ್ವರ್ ಉಂಟು" ಅಂತ ಹೇಳಿಬಿಟ್ಟೀರಿ! ಅಲ್ಲಿ "ಸೊಂಟದ ಬಲಗಡೆ ಲೈಸೆನ್ಸ್ ಇರುವ ರಿವಾಲ್ವರ್ ಇದೆ, ಏನು ಮಾಡಲಿ ಹೇಳಿ" ಅನ್ನಿ.

ಇನ್ನೊಂದು, ಇದನ್ನು ಯಾರೂ ಹೇಳಿಕೊಡುವುದಿಲ್ಲ. ಲೈಸೆನ್ಸ್ ಪುಸ್ತಕವನ್ನು ರಿವಾಲ್ವರಿನ ಜೊತೆ ಒಂದೇ ರೆಕ್ಸಿನ್ ಚೀಲದಲ್ಲಿ ಇಡುತ್ತಾರೆ. ಲೈಸೆನ್ಸ್ ತೋರಿಸಿ ಅಂದಾಗ ಕೈ ಹೋಗುವುದು ಕೋವಿ ಇರುವ ಚೀಲಕ್ಕೇ. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯದ್ದೂ ಅದೇ ಕಥೆ, ಆರ್‌ಸಿ ತೆಗೆಯಲು ಮುಚ್ಚಳ ತೆರೆದರೆ ಎದುರಿಗೇ ಹಿಡಿ. ಪುಸ್ತಕ ಅಂಗಿಯ ಎದೆಜೇಬಿನಲ್ಲಿರಲಿ, ಗಾಡಿಯ ಕಾಗದ ತಲೆಯ ಮೇಲಿನ ಬಿಸಿಲುಮರೆಯಲ್ಲಿರಲಿ.


ವಿದ್ಯಾನಗರದ ವಕೀಲ:

ಜೋಡುನಳಿಗೆಯವರು ಕೈ ಎಲ್ಲಿರಬೇಕು ಅಂತ ಹೇಳಿದ್ದಾರೆ, ನಾನು ಕಾಗದದ್ದು ಹೇಳುತ್ತೇನೆ.

ಕಾನ್‌ಸ್ಟೇಬಲ್ ಕೇಳಬಹುದು. 1959ರ ಆಯುಧ ಕಾಯ್ದೆಯ 19ನೇ ಕಲಮಿನಲ್ಲಿ ಇರುವುದು "ಯಾವುದೇ ಪೊಲೀಸ್ ಅಧಿಕಾರಿ" ಅಂತ, ಎಸ್‌ಐ ದರ್ಜೆ ಅಂತ ಇಲ್ಲ. ಆಯುಧವನ್ನೋ ತೋಟೆಯನ್ನೋ ಒಯ್ಯುವವನ ಹತ್ತಿರ ಲೈಸೆನ್ಸ್ ಕೇಳಲು ಸಂಶಯ ಇರಬೇಕೆಂದೂ ಇಲ್ಲ. ತೋರಿಸದಿದ್ದರೆ ಹೆಸರು, ವಿಳಾಸ ಕೇಳಬಹುದು, ಅಗತ್ಯ ಕಂಡರೆ ಆಯುಧ ವಶಪಡಿಸಬಹುದು. ಹೆಸರು ಹೇಳದಿದ್ದರೆ, ಹೇಳಿದ್ದು ಸುಳ್ಳು ಅನಿಸಿದರೆ, ಓಡಿಹೋಗುವ ಸೂಚನೆ ಕಂಡರೆ ವಾರಂಟ್ ಇಲ್ಲದೆ ದಸ್ತಗಿರಿ. "ಎಸ್‌ಐ ಬರಲಿ, ಆಮೇಲೆ ತೋರಿಸ್ತೇನೆ" ಅಂದವನು ತಾನಾಗಿಯೇ ಎರಡನೇ ಮೆಟ್ಟಿಲಿಗೆ ಹೋದ ಹಾಗೆ. ಮೊಬೈಲಿನಲ್ಲಿರುವ ಫೋಟೋ ನಂಬಿಕೊಂಡು ಹೊರಡಬೇಡಿ, ಮೂಲ ಪುಸ್ತಕ ಬೇಕು. ಜೆರಾಕ್ಸ್ ಒಂದು ಮನೆಯಲ್ಲಿರಲಿ. ಮೂಲವೂ ನಕಲೂ ಒಂದೇ ಚೀಲದಲ್ಲಿ ಕಳೆದುಹೋದರೆ ಠಾಣೆಯಲ್ಲಿ ದೂರು ಬರೆಸಲು ನಂಬರೇ ಇರುವುದಿಲ್ಲ.

ಪುಸ್ತಕ ಕೈಗೆ ಸಿಕ್ಕಿದ ಮೇಲೆ ಅವರು ನೋಡುವುದು ಮೊದಲು ಫೋಟೋ, ಆಮೇಲೆ ಅವಧಿ, ಆಮೇಲೆ ಕೋವಿಯ ನಂಬರು. ಲೋಹದ ಮೇಲೆ ಒತ್ತಿದ ನಂಬರು ಎಣ್ಣೆ, ತುಕ್ಕು ಹಿಡಿದು 3 ಯಾವುದು 8 ಯಾವುದು ತಿಳಿಯದ ಹಾಗಿದ್ದರೆ ಅರ್ಧ ಗಂಟೆ ಅಲ್ಲೇ ಹೋಗುತ್ತದೆ. ಒಣ ಬಟ್ಟೆಯಿಂದ ತಿಕ್ಕಿ, ಓದಲು ಬರುವ ಹಾಗಿಡಿ. ಉಜ್ಜುಕಾಗದ ಹಾಕಬೇಡಿ, ನಂಬರು ಸವೆದರೆ ಅಳಿಸಿದ್ದೆಂಬ ಆರೋಪ ಬರುತ್ತದೆ.

ಈಗ ಗಡಿಯ ವಿಷಯ. ತೋಟದಬದಿ ಕೇಳಲೇ ಇಲ್ಲ, ಆದರೆ ಮುಖ್ಯವಾದದ್ದು ಇದೇ. ನಿಮ್ಮ ಪುಸ್ತಕದಲ್ಲಿ ಲೈಸೆನ್ಸ್ ಯಾವ ಪ್ರದೇಶದಲ್ಲಿ ಊರ್ಜಿತ ಎಂಬ ಒಂದು ಕಾಲಂ ಇರುತ್ತದೆ. ಅದನ್ನು ತೆರೆದು ನೋಡಿ. ಕಾಸರಗೋಡು ಜಿಲ್ಲೆ ಅಂತಲೋ ಕೇರಳ ಅಂತಲೋ ಇದ್ದರೆ ತಲಪಾಡಿ, ಸಾರಡ್ಕ, ಗಾಳಿಮುಖ ದಾಟಿದ ಗಳಿಗೆಯಿಂದ ಆ ಪುಸ್ತಕ ನಿಮ್ಮನ್ನು ಕಾಯುವುದಿಲ್ಲ. ನಮಗೆ ಮಂಗಳೂರು, ಪುತ್ತೂರು ದಿನಬೆಳಗಾದರೆ ಹೋಗುವ ಊರು, ಬೇರೆ ರಾಜ್ಯ ಅನ್ನುವುದು ಮನಸ್ಸಿಗೆ ಬರುವುದೇ ಇಲ್ಲ. ಪೆರ್ಲದಿಂದ ಅಡ್ಯನಡ್ಕಕ್ಕೆ ಹೋಗುವಾಗ ಗಡಿ ಗೊತ್ತಾಗುವುದು ಬೋರ್ಡಿನ ಅಕ್ಷರ ಬದಲಾದಾಗ. ಆಯುಧ ಲೈಸೆನ್ಸಿಗೆ ಮಾತ್ರ ಅದು ಗೋಡೆ. ಅದು ಶರತ್ತಿನ ಉಲ್ಲಂಘನೆ ಅಂದರೆ 30ನೇ ಕಲಮು: ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಲೈಸೆನ್ಸೇ ಇಲ್ಲದ ಕೋವಿ ಅಂದರೆ 25ನೇ ಕಲಮು: 2019ರ ತಿದ್ದುಪಡಿಯ ಮೇಲೆ ಎರಡರಿಂದ ಐದು ವರ್ಷ. ಯಾವುದು ಅನ್ನುವುದು ಆಮೇಲೆ ಕೋರ್ಟಿನಲ್ಲಿ ವಾದ. ಅಷ್ಟರವರೆಗೆ ಕೋವಿ ಠಾಣೆಯ ಕಪಾಟಿನಲ್ಲಿ. 3ನೇ ಕಲಮಿನ (ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ) ಅಪರಾಧಕ್ಕೆ ಜಿಲ್ಲಾ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಇಲ್ಲದೆ ಮೊಕದ್ದಮೆ ನಡೆಯುವುದಿಲ್ಲ (39ನೇ ಕಲಮು) ಎಂಬುದು ಕಕ್ಷಿದಾರರಿಗೆ ಹೇಳುವ ಸಮಾಧಾನ, ಆದರೆ ಎಫ್‌ಐಆರ್ ಆಗುವುದನ್ನು ಅದು ತಡೆಯುವುದಿಲ್ಲ.

ಹೊರರಾಜ್ಯಕ್ಕೂ ಊರ್ಜಿತ ಆಗಬೇಕಾದರೆ ಅರ್ಜಿ ವಿದ್ಯಾನಗರದ ಕಲೆಕ್ಟರೇಟಿನಲ್ಲೇ ಕೊಡಬೇಕು, ಯಾಕೆ ಬೇಕು ಎಂಬುದಕ್ಕೆ ಕಾಗದ ಲಗತ್ತಿಸಿ: ಆಚೆ ಬದಿ ಇರುವ ತೋಟದ ಪಹಣಿ, ವ್ಯಾಪಾರದ ಜಿಎಸ್‌ಟಿ ದಾಖಲೆ, ಅಂಥದ್ದು. "ಆಗಾಗ ಹೋಗಬೇಕಾಗುತ್ತದೆ" ಎಂಬ ಒಂದು ಸಾಲಿನ ಅರ್ಜಿ ಮುಂದೆ ಹೋಗುವುದಿಲ್ಲ. ಅಡಿಕೆಯ ದುಡ್ಡು ಈಗ ನೇರ ಖಾತೆಗೆ ಬೀಳುತ್ತದೆ, ಹಾಗಾಗಿ ನಗದು ಸಾಗಿಸುವ ಕಾರಣಕ್ಕೆ ಮೊದಲಿನ ತೂಕ ಇಲ್ಲ.

ಕೊಡಗಿನವರನ್ನು ನೋಡಿ ಲೆಕ್ಕ ಹಾಕಬೇಡಿ. ಪಾಣತ್ತೂರಿನಿಂದ ಕರಿಕೆಗೆ ಹತ್ತಿದರೆ ಕೊಡಗು, ಅಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಲೈಸೆನ್ಸಿನಿಂದಲೇ ವಿನಾಯಿತಿ ಉಂಟು, 2029ರವರೆಗೆ ವಿಸ್ತರಿಸಿದ್ದಾರೆ. ಆ ವಿನಾಯಿತಿ ಅವರಿಗೆ, ಆ ರಸ್ತೆಯಲ್ಲಿ ಹೋಗುವ ಎಲ್ಲರಿಗೂ ಅಲ್ಲ.

ಮಗ ಒಬ್ಬನೇ ಒಯ್ಯುವುದು: 3ನೇ ಕಲಮಿನಲ್ಲೇ ಒಂದು ಸಣ್ಣ ಕಿಂಡಿ ಉಂಟು. ಲೈಸೆನ್ಸ್‌ದಾರರ ಎದುರಿನಲ್ಲಿ, ಅಥವಾ ಅವರು ಬರೆದುಕೊಟ್ಟ ಅಧಿಕಾರಪತ್ರದ ಮೇಲೆ, ರಿಪೇರಿಗೋ ಲೈಸೆನ್ಸ್ ನವೀಕರಣಕ್ಕೋ ಅವರ ಸ್ವಂತ ಬಳಕೆಗೋ ಇನ್ನೊಬ್ಬರು ಒಯ್ಯಬಹುದು. ನಿಮ್ಮ ರಕ್ಷಣೆಗೆ ನೀವು ಒಯ್ಯುವುದು ಈ ಕಿಂಡಿಯಲ್ಲಿ ನುಸುಳುವುದಿಲ್ಲ. ಪತ್ರದಲ್ಲಿ ಕೋವಿಯ ನಂಬರು, ಲೈಸೆನ್ಸ್ ನಂಬರು, ಯುಐಎನ್, ನಿಮ್ಮ ಹೆಸರು, ಎಲ್ಲಿಂದ ಎಲ್ಲಿಗೆ, ಯಾವ ದಿನ, ಎಂತಕ್ಕೆ, ಅಪ್ಪನ ಸಹಿ ಇಷ್ಟೂ ಬೇಕು. ಜೊತೆಗೆ ಮೂಲ ಪುಸ್ತಕ. ರಿಪೇರಿಗೆ ಹೋಗುವಾಗ ತೋಟೆ ಮನೆಯಲ್ಲಿರಲಿ, ರಿಪೇರಿಗೆ ತೋಟೆ ಎಂತಕ್ಕೆ ಎಂಬ ಪ್ರಶ್ನೆಗೆ ಒಳ್ಳೆಯ ಉತ್ತರ ಇಲ್ಲ. ಮತ್ತೆ, ಮಂಗಳೂರಿಗೆ ಅಂದರೆ ಮೇಲೆ ಹೇಳಿದ ಗೋಡೆ ಇದ್ದೇ ಇದೆ. ಪುಸ್ತಕದಲ್ಲಿ ಕರ್ನಾಟಕ ಇಲ್ಲದಿದ್ದರೆ ಕೇರಳದ ಒಳಗಿನ ಲೈಸೆನ್ಸ್ ಇರುವ ಅಂಗಡಿಗೇ ಒಯ್ಯಿರಿ.

ದಾರಿಯಲ್ಲಿ ಅಪ್ಪ ಊಟಕ್ಕೆ ಇಳಿದು ರಿವಾಲ್ವರ್ ಕಾರಿನಲ್ಲೇ ಬಿಟ್ಟರೆ, ಆಗ ಕಾರಿನಲ್ಲಿ ಕೂತವರ ವಶದಲ್ಲಿ ಅದು ಇದ್ದ ಹಾಗಾಯಿತು. ಇಳಿದವರು ಒಯ್ಯಬೇಕು.


ಹೊಳೆಬದಿ:

ಅಮೆರಿಕದ ಪ್ರಶ್ನೆಗೆ. ಆ ವಿಡಿಯೋಗಳು ಪೂರ್ತಿ ಸುಳ್ಳಲ್ಲ, ಆದರೆ ಅಲ್ಲಿಯೂ ಎಲ್ಲ ಕಡೆ ಹಾಗಿಲ್ಲ. ಅರಿಝೋನಾದಂಥ ರಾಜ್ಯಗಳಲ್ಲಿ ಪಿಸ್ತೂಲನ್ನು ಕಾಣುವ ಹಾಗೆ ಒಯ್ಯಲು ಪರವಾನಗಿಯೇ ಬೇಡ, ಇಲಿನಾಯ್ ಮತ್ತು ನ್ಯೂಯಾರ್ಕಿನಲ್ಲಿ ಕಾಣುವ ಹಾಗೆ ಒಯ್ಯುವಂತೆಯೇ ಇಲ್ಲ. ಅಲ್ಲಿ ಪೊಲೀಸರು ಒಬ್ಬನನ್ನು ಸ್ವಲ್ಪ ಹೊತ್ತು ತಡೆದು ನಿಲ್ಲಿಸಬೇಕಾದರೆ ಅಪರಾಧದ ಬಗ್ಗೆ ಕಾರಣಸಹಿತ ಸಂಶಯ ಇರಬೇಕೆಂದು 1968ರ ಟೆರ್ರಿ ವಿರುದ್ಧ ಓಹಾಯೋ ತೀರ್ಪು. ಕಾಣುವ ಹಾಗೆ ಒಯ್ಯುವುದು ಕಾನೂನುಬದ್ಧವಾಗಿರುವ ರಾಜ್ಯದಲ್ಲಿ ಬರೀ ಪಿಸ್ತೂಲು ಕಂಡಿತು ಎಂಬುದೇ ಆ ಸಂಶಯ ಆಗುವುದಿಲ್ಲ ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯಗಳು 2013ರಲ್ಲೂ 2015ರಲ್ಲೂ ಹೇಳಿವೆ. ವಿಡಿಯೋದವನು "ಬಂಧನದಲ್ಲಿದ್ದೇನಾ" ಅನ್ನುವುದು ಆ ತೀರ್ಪುಗಳ ಬಲದಲ್ಲಿ. ಆದರೆ ಅದೇ ದೇಶದ ಮಿಶಿಗನ್‌ನಲ್ಲಿ ಅಂಗಿಯೊಳಗೆ ಪಿಸ್ತೂಲು ಇಟ್ಟುಕೊಂಡ ಪರವಾನಗಿದಾರ, ಪೊಲೀಸರು ತಡೆದ ಕೂಡಲೇ ತಾನಾಗಿ ಹೇಳಬೇಕೆಂಬ ಕಾನೂನೂ ಉಂಟು. ಆ ವಿಡಿಯೋ ಯಾರೂ ಹಂಚುವುದಿಲ್ಲ.

ಬುಡದಲ್ಲೇ ವ್ಯತ್ಯಾಸ. ಅಲ್ಲಿ ಆಯುಧ ಸಂವಿಧಾನದ ಎರಡನೇ ತಿದ್ದುಪಡಿಯ ಹಕ್ಕು. ನಮ್ಮ ಸಂವಿಧಾನ 19ನೇ ವಿಧಿಯಲ್ಲಿ ಜನ ಸೇರುವ ಹಕ್ಕು ಕೊಡುವಾಗಲೇ "ಆಯುಧಗಳಿಲ್ಲದೆ" ಎಂದು ಸೇರಿಸಿದೆ. ಇಲ್ಲಿ ನಿಮ್ಮ ಹತ್ತಿರ ಇರುವುದು ಅನುಮತಿ. ಅದನ್ನು ತೋರಿಸಿ ಅನ್ನಲು ಸಂಶಯ ಬೇಕಿಲ್ಲ ಅಂತ ವಕೀಲರು ಆಗಲೇ ಹೇಳಿದರು.


ತೋಟದಬದಿ:

ಪುಸ್ತಕ ತೆರೆದು ನೋಡಿದೆ, "ಕೇರಳ" ಅಂತಲೇ ಇರುವುದು. ಒಳ್ಳೆಯದಾಯಿತು ಕೇಳಿದ್ದು. ಇನ್ನೆರಡು ಉಳಿಯಿತು. ಪೊಲೀಸರು ಕೋವಿ ಇಟ್ಟುಕೊಂಡರೆ ನಾವು ಎಂತ ಕೇಳಿ ತೆಗೆದುಕೊಳ್ಳಬೇಕು? ಮತ್ತೆ ಹಂದಿ ಹೊಡೆಯಲು ಪಂಚಾಯತು ಕರೆದರೆ ಜೋಡುನಳಿಗೆ ಬೈಕಿನಲ್ಲಿ ಒಯ್ಯುವುದು ಹೇಗೆ?


ವಿದ್ಯಾನಗರದ ವಕೀಲ:

ಮಹಜರಿನ ಪ್ರತಿ ಕೇಳಿ. ಅದರಲ್ಲಿ ಕೋವಿಯ ತಯಾರಿ, ನಂಬರು, ತೋಟೆ ಎಷ್ಟು, ಅದರಲ್ಲಿ ತುಂಬಿದ್ದು ಎಷ್ಟು ಬಿಡಿ ಎಷ್ಟು, ಹೋಲ್‌ಸ್ಟರ್, ಲೈಸೆನ್ಸ್ ಪುಸ್ತಕ ಎಲ್ಲ ಬೇರೆ ಬೇರೆ ಬರೆದಿರಬೇಕು. "ರಿವಾಲ್ವರ್ 1, ತೋಟೆಗಳು" ಅಂತ ಇದ್ದರೆ ಸಹಿ ಹಾಕುವ ಮೊದಲು ಸಂಖ್ಯೆ ಬರೆಸಿ. ಮಲಯಾಳಂ ಓದಲು ಬರದಿದ್ದರೆ ಓದಿಸಿ ಕೇಳಿ, ಸಹಿಯ ಕೆಳಗೆ "ಓದಿ ಹೇಳಿದ್ದನ್ನು ಕೇಳಿದ್ದೇನೆ" ಅಂತ ಕನ್ನಡದಲ್ಲೇ ಬರೆಯಿರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮು ಶೋಧ, ಜಪ್ತಿಯನ್ನು ವಿಡಿಯೋದಲ್ಲಿ ದಾಖಲಿಸಬೇಕು ಅನ್ನುತ್ತದೆ, ಮೊಬೈಲಿನಲ್ಲಿ ಮಾಡಿದರೂ ಆಯಿತು. ವಿಡಿಯೋ ಆಗಿದೆಯಾ ಅಂತ ಮೆಲ್ಲಗೆ ಕೇಳಿಡಿ. ಕೇಸು ದಾಖಲಾದ ಮೇಲೆ ಕೋವಿ ಬಿಡಿಸುವ ಅರ್ಜಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ, ಠಾಣೆಗೆ ಅಲೆದು ಪ್ರಯೋಜನ ಇಲ್ಲ. ಲೈಸೆನ್ಸ್ ಅಮಾನತು ಆದರೆ ಅದರ ಮೇಲ್ಮನವಿ ಬೇರೆ ದಾರಿ, 18ನೇ ಕಲಮು. ಎರಡನ್ನೂ ಒಂದೇ ಅರ್ಜಿಯಲ್ಲಿ ಕಲಸಬೇಡಿ.

ಚುನಾವಣೆ ಹೊತ್ತಿಗೆ ಠಾಣೆಯಲ್ಲಿ ಠೇವಣಿ ಇಟ್ಟರೂ ಇದೇ ವಿವರದ ರಶೀದಿ ತೆಗೆದುಕೊಳ್ಳಿ. ಮಳೆಗಾಲ ಹತ್ತಿರವಿದ್ದರೆ ಎಣ್ಣೆ ಹಚ್ಚಿ ಕೊಡಿ, ಠಾಣೆಯಲ್ಲಿ ಯಾರೂ ಹಚ್ಚುವುದಿಲ್ಲ. ಗಡಿಯವರಿಗೆ ಇನ್ನೊಂದು ತೊಡಕು: ಕರ್ನಾಟಕದಲ್ಲಿ ಚುನಾವಣೆ, ನಮ್ಮಲ್ಲಿ ಇಲ್ಲ ಅಂದುಕೊಳ್ಳಿ. ನಿಮ್ಮ ಪುಸ್ತಕದಲ್ಲಿ ಕರ್ನಾಟಕ ಸೇರಿದ್ದರೂ ದಕ್ಷಿಣ ಕನ್ನಡದಲ್ಲಿ ಆಯುಧ ಒಯ್ಯಬಾರದೆಂಬ ನಿಷೇಧಾಜ್ಞೆ ಇದ್ದರೆ ಅದು ನಿಮಗೂ ಅನ್ವಯ. ಗಲಾಟೆಯ ದಿನಗಳಲ್ಲಿ ಮಂಗಳೂರಿನಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಯ 35ನೇ ಕಲಮಿನಲ್ಲಿ ಹೊರಡಿಸುವ ಆಜ್ಞೆಯೂ ಹಾಗೆಯೇ. ಹೊರಡುವ ದಿನದ ಪೇಪರ್ ನೋಡಿ ಹೊರಡಿ.


ಜೋಡುನಳಿಗೆ:

ಹಂದಿಯದ್ದು. 2022ರ ಮೇಯಿಂದ ಕೇರಳದಲ್ಲಿ ಬೆಳೆ ಹಾಳುಮಾಡುವ ಕಾಡುಹಂದಿಗೆ ಗುಂಡು ಹೊಡೆಯಲು ಆದೇಶ ಕೊಡುವ ಅಧಿಕಾರ ಪಂಚಾಯತು ಅಧ್ಯಕ್ಷರಿಗೆ ಬಂದಿದೆ. ಫೋನಿನಲ್ಲಿ "ಬನ್ನಿ" ಅಂದದ್ದು ಸಾಲದು, ಆದೇಶದ ಪ್ರತಿ ಜೇಬಿನಲ್ಲಿರಬೇಕು. ಯಾವ ಪಂಚಾಯತಿನ ಆದೇಶವೋ ಆ ಪಂಚಾಯತಿನೊಳಗೆ ಮಾತ್ರ. ಎಣ್ಮಕಜೆಯ ಕಾಗದ ಹಿಡಿದು ಹಂದಿಯ ಹಿಂದೆ ಬದಿಯಡ್ಕಕ್ಕೆ ಓಡಿದರೆ ಕಾಗದಕ್ಕೆ ಬೆಲೆ ಇಲ್ಲ.

ಬೈಕಿನಲ್ಲಿ ಹೆಗಲಿಗೆ ನೇತುಹಾಕಿ ಹೋಗುವುದು ಬೇಡ, ಉದ್ದ ಕೋವಿಯೂ ಅದಕ್ಕೆಂದೇ ಮಾಡಿದ ಕವರಿನಲ್ಲೇ ಇರಬೇಕು. ಜೋಡುನಳಿಗೆಯನ್ನು ಬಿಚ್ಚಿದರೆ ಮೂರು ತುಂಡು: ನಳಿಗೆ, ಅದರ ಕೆಳಗಿನ ಮರದ ತುಂಡು, ಹಿಂದಿನ ಮರದ ಕುಂದ. ಮರದ ತುಂಡನ್ನು ಎಳೆದು ತೆಗೆದು, ಕೋವಿ ಮಡಚಿ, ನಳಿಗೆಯನ್ನು ಕೊಂಡಿಯಿಂದ ಕಳಚಿ, ಮೂರನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿ ಒಂದೇ ಕ್ಯಾನ್ವಾಸ್ ಚೀಲಕ್ಕೆ ಹಾಕಿ. ಸುತ್ತದೆ ಹಾಕಿದರೆ ಬೈಕಿನ ಕುಲುಕಾಟಕ್ಕೆ ಕೊಂಡಿಯ ಅಂಚು ನಜ್ಜಾಗಿ ಆಮೇಲೆ ಜೋಡಿಸುವಾಗ ಬಿಗಿಯಾಗುವುದಿಲ್ಲ. ತೋಟೆ ಬೇರೆ ಚೀಲದಲ್ಲಿ, ಎಣಿಸಿ. ಕೆಲಸ ಮುಗಿದ ಮೇಲೆ ಖಾಲಿ ಕವಚಗಳನ್ನು ಹೆಕ್ಕಿ ತನ್ನಿ. ಹತ್ತು ಒಯ್ದು ಎರಡು ಹೊಡೆದರೆ ಎಂಟು ತೋಟೆ, ಎರಡು ಖಾಲಿ ಕವಚ ಚೀಲದಲ್ಲಿರಬೇಕು. ಬರುವ ದಾರಿಯಲ್ಲಿ ನಿಲ್ಲಿಸಿದವರು ಎಣಿಸುವುದು ಅದನ್ನೇ.


ಗಾಳಿಮುಖ:

ಮೇಲೆ ಬರೆದದ್ದು ಹಿಂದಕ್ಕೆ. ಒಂದು ಸಂಶಯ, ಅಂಗಡಿಯಲ್ಲಿ ಸಿಗುವ ಏರ್ ಪಿಸ್ತೂಲಿಗೂ ಇದೆಲ್ಲ ಉಂಟಾ?


ಜೋಡುನಳಿಗೆ:

ನಳಿಗೆಯ ತೂತು 4.5 ಮಿಲಿಮೀಟರ್ ಮೀರದೆ, ಗುಂಡು ಹೊರಡುವ ಶಕ್ತಿ 20 ಜೂಲ್ ಮೀರದ್ದಾದರೆ ಲೈಸೆನ್ಸ್ ಬೇಡ. ಆದರೆ ಹತ್ತು ಮಾರು ದೂರದಿಂದ, ಟಾರ್ಚ್ ಬೆಳಕಿನಲ್ಲಿ, ಅದು ಏರ್ ಪಿಸ್ತೂಲೋ ನಿಜದ್ದೋ ಅಂತ ಯಾವ ಪೊಲೀಸನಿಗೂ ತಿಳಿಯುವುದಿಲ್ಲ. ಅದನ್ನೂ ಚೀಲದಲ್ಲೇ ಒಯ್ಯಿರಿ, ಅಂಗಡಿಯ ಬಿಲ್ಲು ಜೊತೆಗಿರಲಿ.